ಹಳೆಯ ಫ್ರಿಜ್‌ಗೆ 'ಬೇರೆ ಗ್ಯಾಸ್' ಹಾಕಿಸುವ ಮುನ್ನ...

ಮಾವಿನ ಹಣ್ಣಿನ ಕಾಲ. ಸೀಕರಣೆ ಮಾಡಿ, ಊಟದ ಹೊತ್ತಿಗೆ ತಣ್ಣಗಿರಲಿ ಎಂದು ಫ್ರಿಜ್‌ನಲ್ಲಿ ಇಟ್ಟಿದ್ದೀರಿ. ಮಧ್ಯಾಹ್ನ ತೆಗೆದರೆ ಪಾತ್ರೆ ಉಗುರುಬೆಚ್ಚಗೆ! ಹಾಲು ಒಡೆದಿದೆ. ದೋಸೆ ಹಿಟ್ಟು ಉಕ್ಕಿ ಮುಚ್ಚಳ ಎತ್ತಿದೆ. ಹಿಂದುಗಡೆ ಕಂಪ್ರೆಸರ್ ಮಾತ್ರ ಬಿಡುವಿಲ್ಲದೆ ಗುಂಯ್‌ಗುಡುತ್ತಲೇ ಇದೆ. ಮೆಕ್ಯಾನಿಕ್‌ಗೆ ಹೇಳಿಕಳಿಸುತ್ತೀರಿ. ಅವನು ಬಂದು, ಹಿಂದೆ ಕೈಯಾಡಿಸಿ, ಎರಡೇ ನಿಮಿಷದಲ್ಲಿ ತೀರ್ಪು ಕೊಡುತ್ತಾನೆ: "ಅಮ್ಮಾ, ಗ್ಯಾಸ್ ಖಾಲಿಯಾಗಿದೆ. ಇದರ ಗ್ಯಾಸ್ ಈಗ ಸಿಗಲ್ಲ. ಬೇರೆ ಗ್ಯಾಸ್ ಹಾಕ್ಕೊಡ್ತೀನಿ, ಚೆನ್ನಾಗೇ ಓಡುತ್ತೆ."

ನಾವು ಕೂಡಲೇ ಕೇಳುವುದು ಒಂದೇ ಪ್ರಶ್ನೆ, "ಎಷ್ಟಾಗುತ್ತಪ್ಪಾ?" ಕೇಳಬೇಕಾದ್ದೇ ಅನ್ನಿ. ಆದರೆ ಅದಕ್ಕೂ ಮೊದಲು ಕೇಳಬೇಕಾದವು ಇನ್ನೆರಡಿವೆ. ಇದ್ದ ಗ್ಯಾಸ್ ಎಲ್ಲಿ ಸೋರಿತು? ಈಗ ಹಾಕುವ 'ಬೇರೆ ಗ್ಯಾಸ್'ನ ಹೆಸರೇನು? ಈ ಎರಡಕ್ಕೂ ನೇರ ಉತ್ತರ ಸಿಗುವ ತನಕ ಪೈಪಿಗೆ ಕೈ ಹಾಕಲು ಬಿಡಬೇಡಿ. ದುಡ್ಡು ದಂಡವಾಗುವುದು ಒಂದು ಕಡೆಗಿರಲಿ, ತಪ್ಪು ಗ್ಯಾಸ್ ತುಂಬಿದ ಪೆಟ್ಟಿಗೆ ನಿಲ್ಲುವುದು ನಿಮ್ಮ ಅಡುಗೆಮನೆಯಲ್ಲಿ, ಉರಿಯುವ ಒಲೆಯಿಂದ ನಾಲ್ಕು ಹೆಜ್ಜೆ ದೂರದಲ್ಲಿ.

ಗ್ಯಾಸ್ 'ಮುಗಿಯುವ' ಪದಾರ್ಥವಲ್ಲ

ಸಿಲಿಂಡರಿನ ಅಡುಗೆ ಗ್ಯಾಸ್ ಉರಿದು ಮುಗಿಯುತ್ತದೆ. ಫ್ರಿಜ್‌ನ ಗ್ಯಾಸ್ ಹಾಗಲ್ಲ. ಅದು ಮೈಯೊಳಗಿನ ರಕ್ತದಂತೆ, ಮುಚ್ಚಿದ ನಾಳದಲ್ಲಿ ಸುತ್ತುತ್ತಲೇ ಇರುತ್ತದೆ. ಅಂಗೈ ಮೇಲೆ ಸ್ಪಿರಿಟ್ ಹಚ್ಚಿಕೊಂಡರೆ ಅದು ಆರುತ್ತಾ ಚುರುಕ್ ಎಂದು ತಣ್ಣಗಾಗುತ್ತದಲ್ಲ, ಅದೇ ತತ್ವ. ಫ್ರೀಜರ್ ಸುತ್ತಲಿನ ಕೊಳವೆಯಲ್ಲಿ ಗ್ಯಾಸಿನ ದ್ರವ ಕುದಿದು ಆವಿಯಾಗುತ್ತದೆ. ಆ ಕುದಿತಕ್ಕೆ ಬೇಕಾದ ಶಾಖವನ್ನು ನಿಮ್ಮ ಹಾಲು, ತರಕಾರಿಗಳಿಂದ ಎಳೆದುಕೊಳ್ಳುತ್ತದೆ. ಕಂಪ್ರೆಸರ್ ಆ ಆವಿಯನ್ನು ಹಿಂಡಿ, ಹಿಂಬದಿಯ ಕಪ್ಪು ಜಾಲರಿಗೆ ಅಟ್ಟುತ್ತದೆ. ಅಲ್ಲಿ ಶಾಖ ಬಿಟ್ಟುಕೊಟ್ಟು ಮತ್ತೆ ದ್ರವವಾಗಿ ಅದು ಒಳಕ್ಕೆ ಹೊರಡುತ್ತದೆ. ಜಾಲರಿ ಮುಟ್ಟಿದರೆ ಬಿಸಿಯಾಗಿರುವುದು ಇದಕ್ಕೇ.

ಹಳೆಯ 165 ಲೀಟರಿನ ಒಂಟಿ ಬಾಗಿಲಿನ ಫ್ರಿಜ್‌ನಲ್ಲಿ ಇರುವ ಗ್ಯಾಸ್ ಹೆಚ್ಚೆಂದರೆ ನೂರು ಚಿಲ್ಲರೆ ಗ್ರಾಂ. ತೂತು ಬೀಳದಿದ್ದರೆ ಅದೇ ಗ್ಯಾಸ್ ಇಪ್ಪತ್ತು ವರ್ಷ, ಮೂವತ್ತು ವರ್ಷ ಓಡುತ್ತದೆ. ಅಂದಮೇಲೆ 'ಖಾಲಿಯಾಗಿದೆ' ಎಂದರೆ 'ಸೋರಿದೆ' ಎಂದೇ ಅರ್ಥ. ತೂತು ಹುಡುಕಿ ಮುಚ್ಚದೆ ಗ್ಯಾಸ್ ತುಂಬುವುದೆಂದರೆ ಒಡೆದ ಬಿಂದಿಗೆಗೆ ನೀರು ಹೊತ್ತ ಹಾಗೆ. "ಪ್ರತಿ ಬೇಸಿಗೆಗೂ ಸ್ವಲ್ಪ ಗ್ಯಾಸ್ ಹಾಕಿಸ್ತೀವಿ" ಎಂದು ಹೇಳುವ ಮನೆಗಳುಂಟು. ಅವರು ಸರ್ವಿಸ್ ಮಾಡಿಸುತ್ತಿಲ್ಲ, ಸೋರಿಕೆಗೆ ಬಾಡಿಗೆ ಕಟ್ಟುತ್ತಿದ್ದಾರೆ!

ತೂತು ಬೀಳುವುದಾದರೂ ಹೇಗೆ? ಬೆಸುಗೆ ಸಡಿಲವಾಗಬಹುದು, ತುಕ್ಕು ತಿನ್ನಬಹುದು. ಮಂಗಳೂರು, ಕಾರವಾರದ ಕಡೆಯ ಉಪ್ಪುಗಾಳಿಗೆ ಏಸಿಯ ಹೊರಗಿನ ಕಾಯಿಲ್ ಬೇಗ ಸವೆಯುತ್ತದೆ. ಆದರೆ ಮನೆಯೊಳಗೇ ಇರುವ ಒಂದು ಶತ್ರುವಿನ ಬಗ್ಗೆ ಹೇಳಲೇಬೇಕು. ಅದು ನಮ್ಮ ತರಕಾರಿ ಚಾಕು! ಫ್ರೀಜರಿನಲ್ಲಿ ಕಟ್ಟಿದ ಮಂಜನ್ನು ಚಾಕುವಿನಿಂದಲೋ ದೋಸೆ ಸಟ್ಟುಗದಿಂದಲೋ ಕೆರೆದು ಎಬ್ಬಿಸುವ ಅಭ್ಯಾಸ ಎಷ್ಟೋ ಮನೆಗಳಲ್ಲಿದೆ. ಫ್ರೀಜರಿನ ಅಲ್ಯೂಮಿನಿಯಂ ತಗಡಿನ ನಡುವೆಯೇ ಗ್ಯಾಸ್ ಹರಿಯುವ ದಾರಿ ಇರುತ್ತದೆ. ಒಂದು ಚುಚ್ಚು ಸಾಕು, ಬುಸ್ ಎಂದು ಎಲ್ಲ ಹೊರಕ್ಕೆ. ಮಂಜು ಕರಗಿಸಬೇಕೆಂದರೆ ಸ್ವಿಚ್ ಆರಿಸಿ, ಬಾಗಿಲು ತೆರೆದಿಟ್ಟು, ಒಳಗೆ ಒಂದು ಬಟ್ಟಲು ಬಿಸಿನೀರಿಡಿ. ಅರ್ಧ ಗಂಟೆ ತಾಳಿ.

ಇನ್ನೊಂದು ಮಾತು. ತಣ್ಣಗಾಗದ ಫ್ರಿಜ್‌ಗಳಲ್ಲೆಲ್ಲ ಗ್ಯಾಸ್ ಹೋಗಿದೆ ಎಂದುಕೊಳ್ಳಬೇಡಿ. ಬಾಗಿಲಿನ ರಬ್ಬರು ಬಿರುಕು ಬಿಟ್ಟಿರಬಹುದು. ಒಂದು ಕಾಗದವನ್ನು ಬಾಗಿಲಿಗೆ ಸಿಕ್ಕಿಸಿ ಮುಚ್ಚಿ ಎಳೆಯಿರಿ. ತಡೆಯಿಲ್ಲದೆ ಜಾರಿ ಬಂದರೆ ಅಲ್ಲಿ ಬಿಸಿಗಾಳಿ ನುಗ್ಗುತ್ತಿದೆ ಎಂದು ಲೆಕ್ಕ. ಹಿಂಬದಿಯ ಜಾಲರಿಯಲ್ಲಿ ವರ್ಷಗಳ ದೂಳು, ಒಗ್ಗರಣೆಯ ಜಿಡ್ಡು ಸೇರಿ ಕಂಬಳಿ ಹೊದಿಸಿದಂತಾಗಿರಬಹುದು. ಥರ್ಮೋಸ್ಟಾಟ್ ಕೆಟ್ಟಿರಬಹುದು, ವೋಲ್ಟೇಜ್ ಬಿದ್ದಿರಬಹುದು. ಇವನ್ನೆಲ್ಲ ನೋಡಿದ ಮೇಲೆ ಗ್ಯಾಸಿನ ಮಾತು.

ಹಳೆಯ ಗ್ಯಾಸ್ ಯಾಕೆ ಸಿಗುವುದಿಲ್ಲ?

ಇದು ಮೆಕ್ಯಾನಿಕ್ ಕಟ್ಟಿದ ಕಥೆಯಲ್ಲ, ನಿಜ. ಇದರ ಹಿಂದೆ ನೂರು ವರ್ಷಗಳ ಚರಿತ್ರೆಯಿದೆ.

1920ರ ದಶಕದಲ್ಲಿ ಮನೆಬಳಕೆಯ ಫ್ರಿಜ್‌ಗಳು ಹರಡತೊಡಗಿದಾಗ ಅವುಗಳಲ್ಲಿ ಇದ್ದದ್ದು ಅಮೋನಿಯ, ಗಂಧಕದ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್‌ನಂಥ ವಿಷಗಳು. ಸೋರಿದರೆ ಮಲಗಿದ್ದವರು ಏಳುತ್ತಿರಲಿಲ್ಲ. ಬರ್ಲಿನ್ನಿನಲ್ಲಿ ಒಂದು ಕುಟುಂಬ ಹೀಗೆ ಸತ್ತ ಸುದ್ದಿ ಓದಿ ನೊಂದು ಐನ್‌ಸ್ಟೈನ್ ಅವರೇ ತಮ್ಮ ಕಿರಿಯ ಮಿತ್ರ ಲಿಯೋ ಸಿಲಾರ್ಡ್ ಜೊತೆ ಸೇರಿ, ಸೋರದ ಫ್ರಿಜ್ ಕಂಡುಹಿಡಿಯಲು ಹೊರಟರೆಂದು ಹೇಳುತ್ತಾರೆ. 1930ರಲ್ಲಿ ಅವರಿಗೆ ಅಮೆರಿಕದ ಪೇಟೆಂಟೂ ಸಿಕ್ಕಿತು. ಸಾಪೇಕ್ಷತಾ ಸಿದ್ಧಾಂತ ಬರೆದವರಿಗೂ ಫ್ರಿಜ್‌ನ ಚಿಂತೆ ಇತ್ತು ನೋಡಿ!

ಆದರೆ ಗೆದ್ದದ್ದು ಅವರ ಯಂತ್ರವಲ್ಲ, ಒಂದು ಹೊಸ ಗ್ಯಾಸ್. ಅಮೆರಿಕದ ಥಾಮಸ್ ಮಿಡ್ಜ್‌ಲಿ ಮತ್ತು ಸಂಗಡಿಗರು 1928ರಲ್ಲಿ ಅದನ್ನು ತಯಾರಿಸಿದರು. ಫ್ರಿಯಾನ್ ಎಂಬ ಹೆಸರಿನಲ್ಲಿ ಮನೆಮಾತಾದದ್ದು ಇದೇ, ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಆರ್-12. ವಿಷವಲ್ಲ, ಬೆಂಕಿ ಹತ್ತುವುದಿಲ್ಲ. 1930ರಲ್ಲಿ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಮಿಡ್ಜ್‌ಲಿ ಅದನ್ನು ಬಾಯಿತುಂಬ ಎಳೆದುಕೊಂಡು, ಉರಿಯುವ ಮೇಣದ ಬತ್ತಿಯ ಮೇಲೆ ಊದಿ ಆರಿಸಿ ತೋರಿಸಿದರು. (ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಹೇಳಿಕೊಟ್ಟ ಮಹಾಶಯರೂ ಇವರೇ.) ಮುಂದಿನ ಅರವತ್ತು ವರ್ಷ ಪ್ರಪಂಚದ ಫ್ರಿಜ್‌ಗಳೆಲ್ಲ ಹೆಚ್ಚುಕಡಿಮೆ ಆರ್-12ರದ್ದೇ. ನಿಮ್ಮ ಅತ್ತೆಯವರ ಕಾಲದ ಕೆಲ್ವಿನೇಟರ್, ಆಲ್ವಿನ್, ಗೋದ್ರೆಜ್ ಕೂಡ.

1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಎಂಬ ಇಬ್ಬರು ವಿಜ್ಞಾನಿಗಳು ಎಚ್ಚರಿಸಿದರು: ಈ ಗ್ಯಾಸ್ ಕೆಳಗೆ ಕರಗುವುದಿಲ್ಲ, ಮೇಲಕ್ಕೇರಿ ಬಿಸಿಲಿಗೆ ಒಡೆದು ಕ್ಲೋರಿನ್ ಬಿಡುತ್ತದೆ, ಆ ಕ್ಲೋರಿನ್ ಓಝೋನ್ ಪದರವನ್ನು ತಿನ್ನುತ್ತದೆ. ಸೂರ್ಯನ ಅತಿನೇರಳೆ ಕಿರಣಗಳಿಂದ ನಮ್ಮನ್ನು ಕಾಯುವ ಕೊಡೆಯದು. 1985ರಲ್ಲಿ ಅಂಟಾರ್ಕ್ಟಿಕದ ಮೇಲೆ ಆ ಕೊಡೆ ತೆಳುವಾಗಿರುವುದು ಲೆಕ್ಕಸಮೇತ ಗೊತ್ತಾಯಿತು. 1987ರ ಸೆಪ್ಟೆಂಬರಿನಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು, 1992ರಲ್ಲಿ ಭಾರತವೂ ಸೇರಿತು. ನಮ್ಮಲ್ಲಿ 2003ರ ಜನವರಿ 1ರಿಂದ ಹೊಸ ಫ್ರಿಜ್‌ಗಳಿಗೆ ಆರ್-12 ತುಂಬುವಂತಿಲ್ಲ ಎಂದಾಯಿತು. 2008ರ ಆಗಸ್ಟಿನಲ್ಲಿ ಆ ಜಾತಿಯ ಗ್ಯಾಸುಗಳ ತಯಾರಿಕೆಯೇ ನಿಂತಿತು.

ಹೀಗಾಗಿ, "ಒರಿಜಿನಲ್ ಆರ್-12 ಇದೆ, ಗುಟ್ಟಾಗಿ ಕೊಡ್ತೀನಿ" ಎಂದು ಯಾರಾದರೂ ಇಂದು ಹೇಳಿದರೆ ನಂಬುವುದು ಕಷ್ಟ. ಕಳ್ಳ ಗ್ಯಾಸಿನ ಆಟ ಎಂಥದ್ದೆಂದು 2011ರಲ್ಲಿ ಜಗತ್ತೇ ನೋಡಿತು. ಹಡಗಿನಲ್ಲಿ ಸಾಗುವ ಶೀತಲ ಕಂಟೇನರುಗಳಿಗೆ ಯಾರೋ ನಕಲಿ ಗ್ಯಾಸ್ ತುಂಬಿದ್ದರು. ಅದರಲ್ಲಿ ಬೆರೆತಿದ್ದದ್ದು ಅದೇ ಹಳೆಯ ಮೀಥೈಲ್ ಕ್ಲೋರೈಡ್! ಅದು ಯಂತ್ರದ ಅಲ್ಯೂಮಿನಿಯಂ ಜೊತೆ ಸೇರಿ, ಗಾಳಿ ತಾಗಿದರೇ ಹೊತ್ತಿಕೊಳ್ಳುವ ಪದಾರ್ಥವಾಗಿ, ಕಂಟೇನರುಗಳು ಸಿಡಿದು ಮೂವರು ಸತ್ತರು.

ಚೀಟಿ ಓದಿ

ನಿಮ್ಮ ಫ್ರಿಜ್‌ನಲ್ಲಿ ಯಾವ ಗ್ಯಾಸಿದೆ ಎಂದು ತಿಳಿಯಲು ಮೆಕ್ಯಾನಿಕ್ ಬೇಕಿಲ್ಲ. ಹಿಂಬದಿಯಲ್ಲೋ, ಒಳಗೆ ತರಕಾರಿ ಡಬ್ಬಿಯ ಪಕ್ಕದಲ್ಲೋ, ಕಂಪ್ರೆಸರಿನ ಮೈಮೇಲೋ ಒಂದು ತಗಡು ಅಥವಾ ಚೀಟಿ ಅಂಟಿಸಿರುತ್ತಾರೆ. ಕನ್ನಡಕ ಹಾಕಿಕೊಂಡು ಬಗ್ಗಿ ಓದಿ. ಇಂಗ್ಲಿಷಿನ ಆರ್ ಅಕ್ಷರ, ಮುಂದೆ ಒಂದು ಸಂಖ್ಯೆ, ಪಕ್ಕದಲ್ಲಿ ಎಷ್ಟು ಗ್ರಾಂ ಎಂದು ಇರುತ್ತದೆ.

ಆರ್-12 ಎಂದಿದ್ದರೆ ಅದು ಹಳೆಯ ತಲೆಮಾರು. ಆರ್-134ಎ ಎಂದಿದ್ದರೆ ಅದರ ನಂತರದ್ದು. ಓಝೋನಿಗೆ ತೊಂದರೆಯಿಲ್ಲ, ಬೆಂಕಿ ಹತ್ತುವುದಿಲ್ಲ, ಆದರೆ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈಆಕ್ಸೈಡಿನ ಸುಮಾರು 1,400 ಪಟ್ಟು ಬಲಶಾಲಿ. (ಆರ್-12 ಇನ್ನೂ ಘೋರ, 10,000 ಪಟ್ಟಿಗೂ ಹೆಚ್ಚು.) ಆರ್-600ಎ ಎಂದಿದ್ದರೆ ಅದು ಐಸೋಬ್ಯೂಟೇನ್, ಇಂದಿನ ಹೊಸ ಫ್ರಿಜ್‌ಗಳಲ್ಲಿ ಹೆಚ್ಚಾಗಿ ಇರುವಂಥದ್ದು. ಹೆಸರು ದೊಡ್ಡದಾದರೂ ನಿಮ್ಮ ಅಡುಗೆ ಸಿಲಿಂಡರಿನ ಗ್ಯಾಸಿಗೆ ಹತ್ತಿರದ ನಂಟ. ಓಝೋನಿಗೂ ಸರಿ, ಹವೆಗೂ ಸರಿ. ಆದರೆ ಉರಿಯುತ್ತದೆ.

ಉರಿಯುವ ಗ್ಯಾಸನ್ನು ಫ್ರಿಜ್‌ಗೆ ತಂದವರು ಯಾರೆಂದು ಕೇಳಿದರೆ ಆಶ್ಚರ್ಯಪಡುತ್ತೀರಿ. ದೊಡ್ಡ ಕಂಪನಿಗಳಲ್ಲ. 1992ರಲ್ಲಿ ಜರ್ಮನಿಯ ಡಾರ್ಟ್‌ಮುಂಡ್ ನಗರದ ವೈದ್ಯ ಸಂಶೋಧಕರಿಬ್ಬರ ಪ್ರಯೋಗವನ್ನು ಗ್ರೀನ್‌ಪೀಸ್ ಸಂಸ್ಥೆ ಕೈಗೆತ್ತಿಕೊಂಡಿತು. ಹಿಂದಿನ ಪೂರ್ವ ಜರ್ಮನಿಯಲ್ಲಿ ಬಾಗಿಲು ಹಾಕುವುದರಲ್ಲಿದ್ದ ಷಾರ್ಫೆನ್‌ಸ್ಟೈನ್ ಊರಿನ ಒಂದು ಫ್ರಿಜ್ ಕಾರ್ಖಾನೆಗೆ ಪ್ರೊಪೇನ್, ಐಸೋಬ್ಯೂಟೇನ್ ಬೆರಕೆಯ ಮಾದರಿಗಳನ್ನು ಮಾಡಿಕೊಡಲು ಹೇಳಿತು. ಫ್ರಿಜ್ ಇನ್ನೂ ತಯಾರಾಗುವ ಮೊದಲೇ ಸುಮಾರು 70,000 ಮನೆಗಳವರು 'ನಮಗೊಂದು ಬೇಕು' ಎಂದು ಬರೆಸಿದರು! ಬೆಂಕಿಯ ಭಯ ಹುಟ್ಟಿಸುತ್ತಿದ್ದ ದೊಡ್ಡ ತಯಾರಕರು ಕ್ರಮೇಣ ಸುಮ್ಮನಾಗಿ ಅದೇ ದಾರಿ ಹಿಡಿದರು. 1993ರ ಮಾರ್ಚಿನಲ್ಲಿ ಮೊದಲ ಫ್ರಿಜ್‌ಗಳು ಹೊರಬಂದವು.

ಕಾರ್ಖಾನೆಯಲ್ಲೇ ಈ ಗ್ಯಾಸಿಗೆಂದು ಕಟ್ಟಿದ ಫ್ರಿಜ್ ಹೆದರುವಂಥದ್ದಲ್ಲ. ಗ್ಯಾಸ್ ಸಾಮಾನ್ಯವಾಗಿ ಐವತ್ತು ಗ್ರಾಂ ಆಸುಪಾಸು. ಒಳಗಿನ ಸ್ವಿಚ್ಚು, ಥರ್ಮೋಸ್ಟಾಟುಗಳ ಕಿಡಿ ಗ್ಯಾಸಿಗೆ ತಾಗದಂತೆ ಅವನ್ನು ಮುಚ್ಚಿರುತ್ತಾರೆ, ಇಲ್ಲವೇ ಹೊರಗಿಟ್ಟಿರುತ್ತಾರೆ. ಲಕ್ಷಾಂತರ ಮನೆಗಳಲ್ಲಿ ತೆಪ್ಪಗೆ ಓಡುತ್ತಿವೆ. ಅಪಾಯ ಶುರುವಾಗುವುದು, ಇದೇ ಗ್ಯಾಸನ್ನು ಹಾಗೆ ಕಟ್ಟದ ಪೆಟ್ಟಿಗೆಗೆ ತುಂಬಿದಾಗ.

ಹಳೆಯ ಆರ್-12 ಪೆಟ್ಟಿಗೆಗೆ ಏನು ಹಾಕಬಹುದು?

ಮೆಕ್ಯಾನಿಕ್ ಸಾಮಾನ್ಯವಾಗಿ ಮೊದಲು ಹೇಳುವುದು ಆರ್-134ಎ. ಒತ್ತಡದ ಲೆಕ್ಕದಲ್ಲಿ ಅದು ಆರ್-12ಕ್ಕೆ ಹತ್ತಿರವೇ. ತೊಡಕಿರುವುದು ಎಣ್ಣೆಯಲ್ಲಿ. ಕಂಪ್ರೆಸರಿನ ಒಳಗೆ ಸವೆತ ತಪ್ಪಿಸಲು ಎಣ್ಣೆಯಿರುತ್ತದೆ. ಗ್ಯಾಸಿನ ಜೊತೆ ಸ್ವಲ್ಪ ಎಣ್ಣೆಯೂ ಸುತ್ತಿಬಂದು ಮತ್ತೆ ಕಂಪ್ರೆಸರ್ ಸೇರಬೇಕು. ಹಳೆಯ ಖನಿಜ ಎಣ್ಣೆ ಆರ್-134ಎ ಜೊತೆ ಬೆರೆಯುವುದೇ ಇಲ್ಲ, ಸಾರಿನ ಮೇಲೆ ತುಪ್ಪ ತೇಲಿದ ಹಾಗೆ. ಹೋದ ಎಣ್ಣೆ ವಾಪಸು ಬಾರದೆ, ಕಂಪ್ರೆಸರ್ ಒಣಗಿ ಕೆಲವು ತಿಂಗಳಲ್ಲಿ ಕಚ್ಚಿಕೊಳ್ಳಬಹುದು. ಆದ್ದರಿಂದ ಹಳೆಯ ಎಣ್ಣೆಯನ್ನು ಪೂರ್ತಿ ತೆಗೆದು, ತೊಳೆದು, ಪಾಲಿಯಾಲ್ ಎಸ್ಟರ್ ಎಂಬ ಬೇರೆ ಜಾತಿಯ ಎಣ್ಣೆ ಹಾಕಬೇಕು, ಡ್ರೈಯರ್ ಬದಲಿಸಬೇಕು. ಆ ಎಣ್ಣೆಯೋ, ತೆರೆದಿಟ್ಟ ಹಪ್ಪಳದಂತೆ ಗಾಳಿಯ ತೇವ ಹೀರುತ್ತದೆ. ಮನೆಯ ಹಿಂದಿನ ಪ್ಯಾಸೇಜಿನಲ್ಲಿ ಕುಳಿತು ಒಂದು ಗಂಟೆಯಲ್ಲಿ ಮುಗಿಸುವ ಕೆಲಸವಲ್ಲ ಇದು. "ಆರ್-134ಎ ಹಾಕ್ತೀನಿ" ಎಂದವನನ್ನು "ಎಣ್ಣೆ ಬದಲಿಸ್ತೀಯೇನಪ್ಪಾ?" ಎಂದು ಕೇಳಿ ನೋಡಿ. ಅವನ ಮುಖವೇ ಉತ್ತರ ಹೇಳುತ್ತದೆ.

ಹಳೆಯ ಎಣ್ಣೆಯ ಜೊತೆಗೇ ಹೊಂದಲೆಂದು ಆರ್-401ಎ, ಆರ್-409ಎ ಮುಂತಾದ ಮಿಶ್ರಣಗಳು ಬಂದವು. ಆದರೆ ಇವುಗಳಲ್ಲಿ ಬೆರೆತಿರುವ ಗ್ಯಾಸುಗಳೂ ಓಝೋನ್ ತಿನ್ನುವ ಬಳಗದವೇ ಆದ್ದರಿಂದ ಇವೂ ಹೊರಟುನಿಂತಿವೆ. ಮಿಶ್ರಣಗಳಿಗೆ ಇನ್ನೊಂದು ಚಾಳಿಯುಂಟು. ಸೋರುವಾಗ ಒಂದು ಅಂಶ ಬೇಗ ಹೋಗಿ ಇನ್ನೊಂದು ಉಳಿಯುತ್ತದೆ, ಹದ ಕೆಡುತ್ತದೆ. ಹಾಗಾಗಿ ಮೇಲೆ ಸ್ವಲ್ಪ ತುಂಬಿ ಸರಿಮಾಡಲು ಬರುವುದಿಲ್ಲ.

ಮೂರನೆಯದು ಪ್ರೊಪೇನ್, ಐಸೋಬ್ಯೂಟೇನ್‌ಗಳನ್ನು ಸರಿಸುಮಾರು ಅರ್ಧರ್ಧ ಬೆರೆಸಿದ ಗ್ಯಾಸ್. ಯಂತ್ರಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಆರ್-12ಕ್ಕೆ ಇದರಷ್ಟು ಚೆನ್ನಾಗಿ ಹೊಂದುವುದು ಬೇರೊಂದಿಲ್ಲ. ಎಣ್ಣೆ ಬದಲಿಸಬೇಕಿಲ್ಲ, ಒತ್ತಡ ಹೊಂದುತ್ತದೆ, ತೂಕದಲ್ಲಿ ಮೊದಲಿನ ಅರ್ಧಕ್ಕಿಂತ ಕಡಿಮೆ ಸಾಕು. (ಬರಿಯ ಐಸೋಬ್ಯೂಟೇನ್ ಹಾಕಿದರೆ ಹಳೆಯ ಕಂಪ್ರೆಸರಿಗೆ ಸಾಲದು, ತಂಪು ಅರ್ಧಕ್ಕಿಳಿಯುತ್ತದೆ.) ಹಾಗಾದರೆ ಇದನ್ನೇ ಹಾಕಿಸೋಣವೇ ಅಂತೀರಾ? ತಾಳಿ, ಲೆಕ್ಕ ಹಾಕೋಣ.

ಐವತ್ತು ಗ್ರಾಂ ಗ್ಯಾಸ್ ಅಡುಗೆಮನೆಯ ಗಾಳಿಯಲ್ಲಿ ಚೆದುರಿಹೋದರೆ ದೊಡ್ಡದೇನಲ್ಲ. ಆದರೆ ರಾತ್ರಿ, ಮುಚ್ಚಿದ ಫ್ರಿಜ್‌ನ ಹೊಟ್ಟೆಯೊಳಗೇ ಸೋರಿದರೆ? 165 ಲೀಟರಿನ ಪೆಟ್ಟಿಗೆಯ ಗಾಳಿ ಹೊತ್ತಿಕೊಳ್ಳುವ ಮಟ್ಟಕ್ಕೆ ಬರಲು ಏಳೆಂಟು ಗ್ರಾಂ ಸಾಕು. ಹಳೆಯ ಫ್ರಿಜ್‌ಗಳಲ್ಲಿ ಥರ್ಮೋಸ್ಟಾಟ್, ಬಾಗಿಲಿನ ದೀಪದ ಸ್ವಿಚ್ ಎರಡೂ ಒಳಗೇ, ತೆರೆದುಕೊಂಡೇ ಇರುತ್ತವೆ. ಥರ್ಮೋಸ್ಟಾಟ್ 'ಟಿಕ್' ಎಂದಾಗಲೆಲ್ಲ ಒಂದು ಸಣ್ಣ ಕಿಡಿ. ಆದ್ದರಿಂದ ಆ ಎರಡನ್ನೂ ಮುಚ್ಚಿದ ಜಾತಿಗೆ ಬದಲಿಸಿ ಅಥವಾ ಹೊರಗಿಟ್ಟು, ಉರಿಯುವ ಗ್ಯಾಸಿನ ಕೆಲಸ ಕಲಿತವನು ಮಾಡಿದರೆ ಮಾತ್ರ ಇದು ಒಪ್ಪುವ ಮಾತು. ಅಷ್ಟು ಮಾಡುವ ತಾಳ್ಮೆ, ಸಾಮಾನು ಅವನಲ್ಲಿ ಇಲ್ಲವೆಂದರೆ ಬೇಡ, ಖಂಡಿತ ಬೇಡ.

ಇನ್ನು ಅಡುಗೆ ಸಿಲಿಂಡರಿನಿಂದಲೇ ಒಂದಿಷ್ಟು ತುಂಬಿದರಾಯಿತು ಎನ್ನುವ ಮಹಾಜಾಣರೂ ಇದ್ದಾರೆ. ಅದರಲ್ಲಿ ವಾಸನೆಗೆಂದು ಬೆರೆಸಿದ ಗಂಧಕದ ಪದಾರ್ಥವಿದೆ, ತೇವವಿರಬಹುದು, ಬೆರಕೆಯ ಹದ ಒಂದೇ ಸಮ ಇರುವುದಿಲ್ಲ. ಅಂಥವರನ್ನು ಹೊಸ್ತಿಲಿನಿಂದಲೇ ಕಳಿಸಿಬಿಡಿ.

ಫ್ರಿಜ್‌ಗೆಂದೇ ಮಾಡುವ ಶುದ್ಧ ಗ್ಯಾಸಿಗೆ ಆ ವಾಸನೆಯೂ ಇರುವುದಿಲ್ಲ, ನೆನಪಿಡಿ. ಸೋರಿದರೆ ಮೂಗಿಗೆ ಗೊತ್ತಾಗದು. ಆರ್-600ಎ ಫ್ರಿಜ್‌ನ ಫ್ರೀಜರಿಗೆ ಚಾಕು ತಗುಲಿ ಬುಸ್ ಎಂದರೆ ಒಲೆ ಆರಿಸಿ, ದೇವರ ದೀಪವನ್ನೂ ಶಾಂತ ಮಾಡಿ, ಕಿಟಕಿ ಬಾಗಿಲು ತೆರೆಯಿರಿ. ಅಲ್ಲಿನ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಬೇಡಿ, ಪ್ಲಗ್ಗು ಕೀಳಬೇಡಿ. ಮೆಯಿನ್ ಸ್ವಿಚ್ ಹೊರಗಿದ್ದರೆ ಅದನ್ನು ಆರಿಸಿ. ಮಕ್ಕಳನ್ನು ಆಚೆ ಕಳಿಸಿ. ಈ ಗ್ಯಾಸ್ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲೇ ತಂಗುತ್ತದೆ.

ಏಸಿಯ ಮಾತೇ ಬೇರೆ

ಕಲಬುರಗಿ, ರಾಯಚೂರಿನ ಕಡೆ ಮೇ ತಿಂಗಳಲ್ಲಿ ಏಸಿ ಈಗ ಐಷಾರಾಮವಲ್ಲ, ಮನೆಯಲ್ಲಿ ಹಿರಿಯರೋ ಹಸುಗೂಸೋ ಇದ್ದರೆ ಅವಶ್ಯವೇ. ಹಳೆಯ ಕಿಟಕಿ ಏಸಿಗಳಲ್ಲಿ ಇರುವುದು ಆರ್-22. ಇದೂ ಓಝೋನ್ ತಿನ್ನುತ್ತದೆ, ಆರ್-12ಕ್ಕಿಂತ ಎಷ್ಟೋ ಕಡಿಮೆ. 2025ರ ಜನವರಿಯಿಂದ ನಮ್ಮ ದೇಶದಲ್ಲಿ ಹೊಸ ಏಸಿ ತಯಾರಿಕೆಗೆ ಇದನ್ನು ಬಳಸುವಂತಿಲ್ಲ. ಆದರೆ ಹಳೆಯ ಏಸಿಗಳ ರಿಪೇರಿಗೆ ಅವಕಾಶವಿದೆ. 2030ರ ಹೊತ್ತಿಗೆ ಬಹುಪಾಲು ನಿಂತು, ರಿಪೇರಿಗೆಂದು ಅತಿ ಸ್ವಲ್ಪ ಭಾಗ ಮಾತ್ರ 2040ರವರೆಗೆ ಉಳಿಯುತ್ತದೆ.

ಆದ್ದರಿಂದ ಆರ್-22ರ ಏಸಿ ಇಟ್ಟುಕೊಂಡವರಿಗೆ ನನ್ನ ಸಲಹೆ ಸರಳ. ಸೋರಿಕೆ ಹುಡುಕಿಸಿ, ಮುಚ್ಚಿಸಿ, ಆರ್-22ನ್ನೇ ತೂಕ ಮಾಡಿ ತುಂಬಿಸಿ. ಅದು ದುಬಾರಿಯಾಗಿದೆ ಎಂದು ಬೇರೆಯದಕ್ಕೆ ಕೈ ಚಾಚುವ ಮೊದಲು ಇಷ್ಟು ತಿಳಿದಿರಲಿ. ಆರ್-407ಸಿ ಹಾಕಲು ಎಣ್ಣೆ ಬದಲಿಸಬೇಕು. ಆರ್-422ಡಿ, ಆರ್-438ಎ ಹಳೆಯ ಎಣ್ಣೆಗೆ ಹೊಂದುತ್ತವೆ, ಆದರೆ ತಂಪು ತುಸು ಕಡಿಮೆ. ಮೇಲಾಗಿ ಇವು ಓಝೋನಿಗೆ ಒಳ್ಳೆಯವಾದರೂ ಭೂಮಿ ಬಿಸಿ ಮಾಡುವುದರಲ್ಲಿ ಆರ್-22ಕ್ಕಿಂತ ಒಂದು ಕೈ ಮೇಲು! ಆರ್-410ಎ ಮಾತ್ರ ಎಂದೂ ಕೂಡದು. ಅದರ ಒತ್ತಡ ಆರ್-22ರ ಒಂದೂವರೆ ಪಟ್ಟಿಗೂ ಹೆಚ್ಚು, ಹಳೆಯ ಕೊಳವೆ, ಕಂಪ್ರೆಸರುಗಳು ಅದನ್ನು ತಡೆಯಲೆಂದು ಮಾಡಿದವಲ್ಲ. ಹೊಸ ಏಸಿಗಳಲ್ಲಿ ಬರುವ ಆರ್-32ಕ್ಕೂ ಇದೇ ಮಾತು, ಅದು ಮೆಲ್ಲಗೆ ಉರಿಯುವಂಥದ್ದೂ ಹೌದು.

ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಪ್ರೊಪೇನಿಗೆ, ಅಂದರೆ ಆರ್-290ಕ್ಕೆ. ಇದು ಆರ್-22ರ ಜಾಗದಲ್ಲಿ ಸೊಗಸಾಗಿ ತಂಪು ಕೊಡುತ್ತದೆ. ಬೆಲೆಯೂ ಕಡಿಮೆ, ಅದೇ ಆಸೆ ಹುಟ್ಟಿಸುವುದು. ಗೋದ್ರೆಜ್‌ನವರು 2012ರಲ್ಲಿ ಆರ್-290ಕ್ಕೆಂದೇ ಕಟ್ಟಿದ ಏಸಿಯನ್ನು ಮಾರುಕಟ್ಟೆಗೆ ತಂದರು; ಅದು ಸರಿ. ಆದರೆ ನಿಮ್ಮ ಹಳೆಯ ಒಂದೂವರೆ ಟನ್ ಏಸಿಗೆ ತುಂಬಿದರೆ? ಮುನ್ನೂರು, ನಾನೂರು ಗ್ರಾಂ ಹಿಡಿಯುತ್ತದೆ. ಮುನ್ನೂರೈವತ್ತು ಗ್ರಾಂ ಸೋರಿದರೆ ಹತ್ತಡಿ ಉದ್ದ ಹತ್ತಡಿ ಅಗಲದ ಮಲಗುವ ಕೋಣೆಯಲ್ಲಿ, ನೆಲದಿಂದ ಮೂರಡಿ ಎತ್ತರದವರೆಗಿನ ಗಾಳಿಯಷ್ಟೂ ಹೊತ್ತಿಕೊಳ್ಳುವ ಹದಕ್ಕೆ ಬರಬಹುದು. ಏಸಿಯೆಂದರೆ ಕಿಟಕಿ ಬಾಗಿಲು ಭದ್ರವಾಗಿ ಹಾಕಿದ ಕೋಣೆ ತಾನೇ? ಮಂಚದ ಎತ್ತರ ಎಷ್ಟು, ನೀವೇ ಅಳೆದುಕೊಳ್ಳಿ. ಅಮೆರಿಕದಲ್ಲಿ '22ಎ' ಎಂಬ ಹೆಸರಿನಲ್ಲಿ ಇಂಥದ್ದನ್ನು ಮನೆಯವರಿಗೆ ಮಾರತೊಡಗಿದಾಗ, ಅಲ್ಲಿನ ಪರಿಸರ ಸಂರಕ್ಷಣಾ ಇಲಾಖೆ 2013ರಲ್ಲಿ ಬೆಂಕಿ, ಸ್ಫೋಟದ ಅಪಾಯವಿದೆಯೆಂದು ಬಹಿರಂಗವಾಗಿ ಎಚ್ಚರಿಸಬೇಕಾಯಿತು.

ಎದುರಿಗೆ ನಿಂತು ಮಾಡಿಸಿ

ಒಳ್ಳೆಯ ಮೆಕ್ಯಾನಿಕ್‌ಗಳಿಲ್ಲವೇ? ಬೇಕಾದಷ್ಟು ಜನರಿದ್ದಾರೆ. ಕೇಂದ್ರ ಸರಕಾರ 2019ರಲ್ಲಿ ಪ್ರಕಟಿಸಿದ ತಂಪು ಯೋಜನೆಯಲ್ಲಿ ಒಂದು ಲಕ್ಷ ಏಸಿ, ಫ್ರಿಜ್ ಕೆಲಸಗಾರರಿಗೆ ತರಬೇತಿ ಕೊಟ್ಟು ಸರ್ಟಿಫಿಕೇಟ್ ನೀಡುವ ಗುರಿ ಇತ್ತು. ಸರ್ಟಿಫಿಕೇಟ್ ಇದೆಯೇ ಎಂದು ಕೇಳುವುದರಲ್ಲಿ ಸಂಕೋಚವೇನೂ ಬೇಡ. ಕೆಲಸ ಬಲ್ಲವನು ಕೇಳಿದ್ದಕ್ಕೆ ಸಂತೋಷಪಡುತ್ತಾನೆ.

ಅದಕ್ಕಿಂತ ಮುಖ್ಯ, ಅವನ ಚೀಲ ನೋಡಿ. ವ್ಯಾಕ್ಯೂಮ್ ಪಂಪ್ ಇದೆಯೇ? ತೂತು ಮುಚ್ಚಿದ ಮೇಲೆ ಕೊಳವೆಯೊಳಗಿನ ಗಾಳಿ, ತೇವವನ್ನೆಲ್ಲ ಈ ಪಂಪಿನಿಂದ ಎಳೆದು ತೆಗೆಯಬೇಕು. ಫ್ರಿಜ್‌ನ ಕಂಪ್ರೆಸರನ್ನೇ ಓಡಿಸಿ ಗಾಳಿ ತೆಗೆಯುವುದು ಅಡ್ಡದಾರಿ. ಉಳಿದ ತೇವ ಮುಂದೆ ಕೂದಲೆಳೆಯಂಥ ಕೊಳವೆಯಲ್ಲಿ ಮಂಜಾಗಿ ಕಟ್ಟುತ್ತದೆ. ತಕ್ಕಡಿ ಇದೆಯೇ? ಗ್ಯಾಸ್ ಗ್ರಾಂ ಲೆಕ್ಕದಲ್ಲಿ ಹೋಗಬೇಕು. ಸಾರಿಗೆ ಉಪ್ಪನ್ನು ಕೈಯಳತೆಯಲ್ಲಿ ಹಾಕಬಹುದು, ಫ್ರಿಜ್‌ಗೆ ಗ್ಯಾಸ್ ಹಾಕಲಾಗದು. ಸಿಲಿಂಡರಿನ ಮೇಲೆ ಗ್ಯಾಸಿನ ಹೆಸರು ಅಚ್ಚಾಗಿದೆಯೇ? ಹೆಸರಿಲ್ಲದ ಡಬ್ಬಿ, ತುಕ್ಕು ಹಿಡಿದ ಡಬ್ಬಿ ಬೇಡ.

ಬೆಸುಗೆಗೆ ಟಾರ್ಚ್ ಹಚ್ಚುವಾಗ ಒಳಗೆ ಗ್ಯಾಸ್ ಉಳಿದಿರಬಾರದು. ಐಸೋಬ್ಯೂಟೇನ್ ಆದರೆ ಬೆಂಕಿ. ಆರ್-12, ಆರ್-22 ಆದರೆ ಅವು ಜ್ವಾಲೆಗೆ ಸಿಕ್ಕಿ ಕಟುವಾದ ವಿಷದ ಹೊಗೆಯಾಗುತ್ತವೆ. ಕೆಲಸ ಮುಗಿಯುವವರೆಗೆ ಕಿಟಕಿ ತೆರೆದಿಡಿ, ಮಗುವನ್ನು ಪಕ್ಕದ ಮನೆಯಲ್ಲಿ ಬಿಡಿ.

ರಿಪೇರಿಯೋ, ಹೊಸದೋ?

ಸೋರಿಕೆ ಹೊರಗಿನ ಬೆಸುಗೆಯಲ್ಲಿದ್ದು, ಕಂಪ್ರೆಸರ್ ಗಟ್ಟಿಯಾಗಿದ್ದು, ನಿಮ್ಮದು ಆರ್-134ಎ ಅಥವಾ ಆರ್-600ಎ ಫ್ರಿಜ್ ಆಗಿದ್ದರೆ ಯೋಚಿಸಬೇಕಿಲ್ಲ, ಚೀಟಿಯಲ್ಲಿರುವ ಗ್ಯಾಸನ್ನೇ ಹಾಕಿಸಿ ರಿಪೇರಿ ಮಾಡಿಸಿ. ಗೋಡೆಯ ಫೋಮಿನೊಳಗೆ ಹುದುಗಿದ ಕೊಳವೆ ಸೋರಿದ್ದರೆ ದುಡ್ಡು ಸುರಿಯಬೇಡಿ. ಆರ್-12ರ ಫ್ರಿಜ್ ಎಂದರೆ ಈಗ ಇಪ್ಪತ್ತು ವರ್ಷ ದಾಟಿದ ಮುದಿಯೇ. ರಬ್ಬರು ಸಡಿಲ, ಒಳಪದರದ ಶಕ್ತಿಯೂ ಕುಂದಿರುತ್ತದೆ. ಹೊಸ ಗ್ಯಾಸ್ ಹಾಕಿದರೂ ಕರೆಂಟು ತಿನ್ನುವುದು ತಪ್ಪದು. ತವರಿನಿಂದ ಬಂದದ್ದು, ಮದುವೆಯಲ್ಲಿ ಅಪ್ಪ ಕೊಟ್ಟದ್ದು ಎಂಬ ಮಮತೆ ಇರುತ್ತದೆ, ಅರ್ಥವಾಗುತ್ತದೆ. ಆದರೂ ಎರಡನೆಯ ಬಾರಿ ಸೋರಿದ ಆರ್-12 ಪೆಟ್ಟಿಗೆಗೆ ಕೈ ಮುಗಿಯುವುದೇ ಸರಿ ಎಂದು ನನ್ನ ಅಭಿಪ್ರಾಯ.

ಬೀಳ್ಕೊಡುವಾಗ ಗುಜರಿಯವನಿಗೆ ಹಾಗೇ ಹಾಕಬೇಡಿ. ಅವನು ತಾಮ್ರದ ಆಸೆಗೆ ಕೊಳವೆ ಕತ್ತರಿಸುತ್ತಾನೆ, ಉಳಿದ ಗ್ಯಾಸ್ ಆಕಾಶಕ್ಕೆ. ಹಳೆಯ ಫ್ರಿಜ್‌ಗಳ ಗೋಡೆಯ ಫೋಮಿನಲ್ಲೂ ಅದೇ ಬಳಗದ ಇನ್ನೊಂದು ಗ್ಯಾಸ್ ಅಡಗಿರುತ್ತದೆ. 2023ರ ಏಪ್ರಿಲಿನಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಲ್ಲಿ ಫ್ರಿಜ್, ಏಸಿಗಳೂ ಸೇರಿವೆ, ಮರುಬಳಕೆಯ ಹೊಣೆ ತಯಾರಕರ ಮೇಲಿದೆ. ಹೊಸದು ಕೊಳ್ಳುವ ಅಂಗಡಿಯಲ್ಲೇ "ಹಳೇದನ್ನ ಅಧಿಕೃತ ಇ-ತ್ಯಾಜ್ಯ ಕೇಂದ್ರಕ್ಕೆ ಕಳಿಸ್ತೀರಾ?" ಎಂದು ಕೇಳಿ.

ರಿಪೇರಿಯೇ ಮಾಡಿಸಿದಿರಾ? ಹಾಗಾದರೆ ಮೆಕ್ಯಾನಿಕ್ ಹೊರಡುವ ಮುಂಚೆ ಒಂದು ಚೀಟಿ ಬರೆಸಿ, ಕಂಪ್ರೆಸರಿನ ಹತ್ತಿರ ಭದ್ರವಾಗಿ ಅಂಟಿಸಿಕೊಳ್ಳಿ. ತಾರೀಖು, ಗ್ಯಾಸಿನ ಹೆಸರು, ಎಷ್ಟು ಗ್ರಾಂ, ಎಣ್ಣೆ ಬದಲಾಯಿತೇ ಇಲ್ಲವೇ, ತೂತು ಎಲ್ಲಿತ್ತು. ಉರಿಯುವ ಗ್ಯಾಸಾದರೆ ಅದನ್ನು ಕೆಂಪು ಶಾಯಿಯಲ್ಲಿ ದಪ್ಪಕ್ಷರದಲ್ಲಿ ಬರೆಸಿ. ಮುಂದಿನ ಸಲ ಬರುವವನು ಬೇರೆಯವನಿರಬಹುದು. ಹಳೆಯ ತಗಡಿನ ಮೇಲಿನ 'ಆರ್-12' ನೋಡಿ, ಒಳಗೆ ಬೇರೇನೋ ಇದೆಯೆಂದು ತಿಳಿಯದೆ ಅವನು ಟಾರ್ಚ್ ಹಚ್ಚಿಬಿಟ್ಟಾನು.